ಸೋಲುವವನಿಗೆ ಕೇಳುವಷ್ಟು

ಒತಾರುವಿನಲ್ಲಿ ಮೊಣಕಾಲುದ್ದ ಹಿಮ ಬಿದ್ದ ವರ್ಷ
ನನ್ನ ಕೈಗೆ ಕೊಟ್ಟದ್ದು ಮೂರು ದನಿ, ಜೊತೆಗೊಂದು ಬುಸುಗುಡುವ ಸದ್ದು.
ಅಷ್ಟರಲ್ಲೇ ಲೋಕವೊಂದು ನಿಲ್ಲಬೇಕು:
ಹದಿನೇಳು ಊರು, ಒಂಬತ್ತು ಗವಿ, ಕಡಲು, ಕಡಲಾಚೆಯ ಕೋಟೆ,
ಮತ್ತೆ ಲೆಕ್ಕವಿಡದಷ್ಟು ಕಾಳಗ.

ಹಳೇ ಮೀನು ಗೋದಾಮಿನ ಅಟ್ಟವೇ ನಮ್ಮ ಕಚೇರಿ.
ಬೇಸಿಗೆಯಲ್ಲಿ ಗೋಡೆ ಬೆವರಿದರೆ
ಐವತ್ತು ವರ್ಷದ ಹಿಂದಿನ ಹೆರಿಂಗ್ ಮೀನು ಮೂಗಿಗೆ ಬರುತ್ತಿತ್ತು.

"ಕಾಳಗ ಅಂದಮೇಲೆ ನಗಾರಿ" ಅಂದರು ಕುರೋಯಿವಾ ಸಾನ್,
ಪೆನ್ಸಿಲಿನಿಂದ ಮೇಜು ಬಡಿದೂ ತೋರಿಸಿದರು.
ಆಗಲಿ. ಕೋಟೆಯ ಬಾಗಿಲಲ್ಲಿ ನಗಾರಿ, ಒಪ್ಪಿದೆ.
ಜೌಗು ನೆಲದಲ್ಲಿ?
ಕಾಲು ಹೂತುಹೋಗುವ ಕಡೆಗೆ
ಅಷ್ಟು ಭಾರದ ನಗಾರಿಯನ್ನು ಹೊತ್ತು ತಂದವರಾರು?
ಹೆಜ್ಜೆ ಎಡವುವಲ್ಲಿ ತಾಳವೂ ಎಡವಲಿ,
ಐದು ಎಣಿಸಿ, ಆರಕ್ಕೆ ಕಾಲು ಕೀಳಲಾಗದೆ
ಅಲ್ಲೇ ನಿಲ್ಲಲಿ ಎಂದು ಬರೆದೆ.

ಊರಿನ ರಾಗದ ಕಥೆ ಬೇರೆ.
ಅದಕ್ಕೆ ಹೊಸಿಲು ಇರಲಿ, ಬಾಗಿಲು ಬೇಡ.
ಗಾಯದ ಮುಲಾಮು ಕೊಳ್ಳಲು ಬಂದವನು
ಅಂಗಡಿಯವಳ ಮಾತನ್ನು ಅಕ್ಷರ ಅಕ್ಷರ ಓದುವಾಗ
ರಾಗ ಅವನ ಹೆಗಲ ಮೇಲಿಂದ ಇಣುಕಬಾರದು.
ಹಿಂದೆ ಎಲ್ಲೋ ಪಾತ್ರೆ ತೊಳೆಯುತ್ತಿರಬೇಕು, ಅಷ್ಟೆ.

ಇದೆಲ್ಲ ನನಗೆ ಗೊತ್ತಿತ್ತು.
ಗೊತ್ತಿಲ್ಲದ್ದನ್ನು ಶಿಗೆತೊ ಕಲಿಸಿದ,
ಆಡಿ ನೋಡಲೆಂದು ಗಂಟೆಯ ಲೆಕ್ಕದಲ್ಲಿ ಕರೆಸಿದ್ದ ಹುಡುಗ,
ಹಗಲು ಕಾಲೇಜು, ರಾತ್ರಿ ನಮ್ಮ ರಾಕ್ಷಸರು.

ಜೌಗಿನಲ್ಲೊಂದು ಹೆಗ್ಗಪ್ಪೆ,
ಬೆನ್ನ ಮೇಲೆ ಕೊಳೆತ ದೋಣಿ ಹೊತ್ತದ್ದು.
ಅದರೆದುರು ಅವನು ಆ ರಾತ್ರಿ ನಲವತ್ತೊಂದು ಸಲ ಸತ್ತ.
ಹಿಂದೆ ಕೂತು ನಾನು ಗೆರೆ ಎಳೆಯುತ್ತಿದ್ದೆ.
ಒಮ್ಮೆ ಹನ್ನೆರಡು ಸೆಕೆಂಡು, ಒಮ್ಮೆ ಇಪ್ಪತ್ತು,
ಬಾಳಿದರೆ ಮೂವತ್ತು.
ಪ್ರತಿ ಸಾವಿಗೂ ರಾಗ ಮೊದಲಿನಿಂದ.

ನಾನು ಎದೆ ಹಿಂಡಿ ಬರೆದ ಸಾಲು ಇದ್ದದ್ದು ಎಂಬತ್ತನೇ ಸೆಕೆಂಡಿನಲ್ಲಿ.
ಮೂರನೆಯ ದನಿ ಸುಮ್ಮನಾಗಿ
ಉಳಿದೆರಡು ಒಂದನ್ನೊಂದು ಹಿಡಿದು ಮೇಲೇರುವ ಕಡೆ.
ಅಲ್ಲಿಗೆ ಯಾರೂ ಬರಲಿಲ್ಲ.
ಗಟ್ಟಿಗ ಅದಕ್ಕೆ ಮೊದಲೇ ಗೆಲ್ಲುತ್ತಾನೆ,
ಬಡಪಾಯಿ ಅದಕ್ಕೂ ಮೊದಲೇ ಸಾಯುತ್ತಾನೆ.

ನಸುಕಿಗೆ ಇಯರ್‌ಫೋನ್ ಕಿತ್ತು ಅವನೆಂದ:
"ಕ್ಷಮಿಸಿ ಮಿನೆಕೊ ಸಾನ್,
ಆ ಮೊದಲ ಎಂಟು ಪೆಟ್ಟು ಕೇಳಿದರೆ ಹೊಟ್ಟೆ ತೊಳಸುತ್ತೆ."

ಇಳಿದು ಹೊರಟೆ. ದಾರಿ ಕಾಣದಷ್ಟು ಹಿಮ.
ಗಾಜಿನ ಬುಡ್ಡಿ ಮಾರುವ ಅಂಗಡಿಯ ಮುದುಕಿ
ಬಾಗಿಲ ಮುಂದೆ ಸಲಿಕೆ ಹಿಡಿದಿದ್ದಳು.
ತೆಗೆದಷ್ಟೂ ಬೀಳುತ್ತಿತ್ತು, ಬಿದ್ದಷ್ಟೂ ತೆಗೆಯುತ್ತಿದ್ದಳು.
ಕಲ್ಲಿಗೆ ಕಬ್ಬಿಣ ಒಮ್ಮೆ. ಉಸಿರು.
ಕಲ್ಲಿಗೆ ಕಬ್ಬಿಣ. ಉಸಿರು, ಸ್ವಲ್ಪ ಉದ್ದ.
ನನ್ನನ್ನು ಕಂಡು, "ನಿಂತರೆ ಕೈ ಮರಗಟ್ಟುತ್ತೆ ತಾಯಿ" ಅಂದಳು,
ನಾನೇನೂ ಕೇಳಿರಲಿಲ್ಲ.

ಎಂಬತ್ತನೇ ಸೆಕೆಂಡಿನ ಸಾಲನ್ನು ಅಳಿಸಿದೆ.
ಚಿಪ್ಪಿನಲ್ಲಿ ಜಾಗ ಬೇಕಿತ್ತು.
ಅಂಚೆ ಕಚೇರಿಯ ಸರದಿಯಲ್ಲಿ ನಿಂತಾಗ
ಈಗಲೂ ಅದು ಒಮ್ಮೊಮ್ಮೆ ನನ್ನ ಹಲ್ಲಿನ ಹಿಂದೆ ಬರುತ್ತದೆ.
ಅದರ ಜಾಗದಲ್ಲಿ ಸಲಿಕೆ, ಉಸಿರು, ಸಲಿಕೆ.
ಇದ್ದಬದ್ದದ್ದನ್ನೆಲ್ಲ ಮುಂಬಾಗಿಲಿಗೇ ತಂದಿಟ್ಟೆ,
ಒಳಗೆ ಬರಲಾರದವನಿಗೂ ಸಿಗಲಿ ಎಂದು.

ಕುರೋಯಿವಾ ಸಾನ್ ಎರಡು ಸಲ ಕೇಳಿದರು.
"ಇದು ಯುದ್ಧವೋ, ಅಂಗಳ ಗುಡಿಸುವುದೋ?"
ನಾನು ಚಹಾ ಸುರಿದೆ.
ಅವರೂ ಕುಡಿದರು, ಮಾತು ಬೆಳೆಸಲಿಲ್ಲ.

ಐವತ್ತೆಂಟನೆಯ ಸಲಕ್ಕೆ ಹೆಗ್ಗಪ್ಪೆ ಮಗುಚಿಕೊಂಡಿತು.
ಬೆನ್ನ ದೋಣಿ ನೀರಿಗೆ ಜಾರಿತು.
ಗೆಲುವಿನ ಕಹಳೆ, ನಾಲ್ಕೇ ಸೆಕೆಂಡು.
ಗೆದ್ದವನಿಗೆ ಅಷ್ಟು ಸಾಕೆಂದು ಇಟ್ಟಿದ್ದೆ.
ಶಿಗೆತೊ ಕುಣಿಯಲಿಲ್ಲ.
ಹೆಬ್ಬೆರಳು ಗುಂಡಿಯ ಮೇಲೇ ಇತ್ತು.
ತಿರುಗಿ ನೋಡಿ ಕೇಳಿದ:
"ಮತ್ತೆ ಶುರುವಾಗಲ್ವಾ?"